ಪಾಗಾರವೂ ತಡಮೆಯೂ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮೋತ್ಸವ. ಕರಾವಳಿಯ ನಮ್ಮ ಕುಟುಂಬಗಳಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ಫಾದರ್ ಜೋವಾಕಿಂ ಮಿರಾಂಡಾ ಅವರು ಈ ಹಬ್ಬದ ಆಚರಣೆಯನ್ನು ಆರಂಭಿಸಿದರೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ. ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಚರ್ಚಿಗೆ ಬಂದು ಮಾತೆಯ ಪಾದಕ್ಕೆ ಅರ್ಪಿಸುತ್ತಾರೆ.

ಆ ಹೂಗಳು ಎಲ್ಲಿಂದ ಬರುತ್ತವೆ ಎಂದು ನಾವು ಯೋಚಿಸಿದ್ದೇವೆಯೇ? ಎಲ್ಲವೂ ನಮ್ಮ ನಮ್ಮ ಅಂಗಳದ ಹೂಗಳಲ್ಲ. ನಮ್ಮ ಬಾಲ್ಯದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬುಟ್ಟಿ ಹಿಡಿದು ನೆರೆಮನೆಗಳಿಗೆ ಓಡುತ್ತಿದ್ದೆವು. ಮಳೆಗೆ ಪಾಚಿ ಕಟ್ಟಿದ ಕೆಂಪುಕಲ್ಲಿನ ಗೋಡೆಯನ್ನು ಹತ್ತಿ, ತಡಮೆ ದಾಟಿ, ಒಬ್ಬರ ಹಿತ್ತಲಿನ ದಾಸವಾಳ, ಇನ್ನೊಬ್ಬರ ಬೇಲಿಯ ಶಂಖಪುಷ್ಪ, ಗುಡ್ಡದ ಬದಿಯ ಕೇಪಳ ಎಲ್ಲವನ್ನೂ ಕೊಯ್ದು ತರುತ್ತಿದ್ದೆವು. ಆ ಮನೆಗಳವರಲ್ಲಿ ಅರ್ಧದಷ್ಟು ಮಂದಿ ಕ್ರೈಸ್ತರಲ್ಲ. ಯಾರೂ ಗದರಿಸಿದ ನೆನಪಿಲ್ಲ. "ಮಾತೆಗೆ ಹೂವಾ? ಗೆಲ್ಲು ಮುರಿಯಬೇಡಿ ಮಕ್ಕಳೇ" ಎಂದಷ್ಟೇ ಹೇಳುತ್ತಿದ್ದರು.

ಈ ವರ್ಷದ ಹಬ್ಬಕ್ಕೆ ನಾವು ಬರೆಯಬೇಕೆಂದಿರುವುದು ಆ ಗೋಡೆಗಳ ಬಗ್ಗೆ, ಅವುಗಳ ನಡುವಿನ ದಾರಿಯ ಬಗ್ಗೆ. ನಮ್ಮ ಚರ್ಚುಗಳ ಇತಿಹಾಸವನ್ನು ಬರೆದವರಿದ್ದಾರೆ. ಮನೆಗಳ ಮುಂದಿನ ಗೋಡೆಗೆ, ಗೇಟಿನ ಕಂಬಕ್ಕೆ ಇತಿಹಾಸ ಬರೆದವರು ಕಡಿಮೆ. ಆದರೆ ನಮ್ಮ ಹಿರಿಯರು ನೆರೆಯವರ ಜೊತೆ ಹೇಗೆ ಬದುಕಿದರು ಎಂಬುದು ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ನೆಲದೊಳಗಿನ ಕಲ್ಲು

ಮನೆ ಸುತ್ತಲಿನ ಗೋಡೆಗೆ ಕರಾವಳಿಯಲ್ಲಿ ಪಾಗಾರ ಎನ್ನುತ್ತಾರೆ. ದೇವಸ್ಥಾನದ ಸುತ್ತುಗೋಡೆಗೆ ಹೇಳುವ ಪ್ರಾಕಾರ ಎಂಬ ಪದವೇ ಸವೆದು ಪಾಗಾರ ಆಗಿದೆ. ಪದ ದೊಡ್ಡದು, ವಸ್ತು ಮಾತ್ರ ನಮ್ಮ ಕಾಲಡಿಯ ಮಣ್ಣಿನದೇ. ತುಳುನಾಡಿನವರು ಮುರಕಲ್ಲು ಎನ್ನುವ, ಉತ್ತರ ಕನ್ನಡದವರು ಚಿರೆಕಲ್ಲು ಎನ್ನುವ, ಪುಸ್ತಕಗಳಲ್ಲಿ ಜಂಬಿಟ್ಟಿಗೆ ಎಂದು ಬರೆಯುವ ಕೆಂಪುಕಲ್ಲು ಅದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ, ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಿಗೆ ಬಂಡೆ ಕರಗಿ, ಕೊಚ್ಚಿಹೋಗುವುದು ಕೊಚ್ಚಿಹೋಗಿ, ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳಿಂದ ಈ ಕಲ್ಲು ಉಂಟಾಗಿದೆ.

ಇದಕ್ಕೆ ಜಗತ್ತಿನ ಭೂವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು ನಮ್ಮ ಕರಾವಳಿಯ ಸಾಲಿನಲ್ಲೇ. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಕಂಪನಿ ಸರಕಾರ ಮೈಸೂರು, ಮಲಬಾರು, ಕೆನರಾ ಪ್ರದೇಶಗಳ ಸ್ಥಿತಿಗತಿ ನೋಡಿ ಬರಲು ಕಳುಹಿಸಿತು. ಇಂದಿನ ಕೇರಳದ ಮಲಪ್ಪುರಂ ಜಿಲ್ಲೆಗೆ ಸೇರಿದ ಅಂಗಾಡಿಪುರದ ಬಳಿ ಜನರು ನೆಲದಿಂದ ಈ ಕಲ್ಲನ್ನು ಕಡಿದು ಮನೆ ಕಟ್ಟುವುದನ್ನು ಅವರು ಕಂಡರು. 1807ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲತೀನ್ ಭಾಷೆಯಲ್ಲಿ ಲಾತೆರ್ ಎಂದರೆ ಇಟ್ಟಿಗೆ. ನಮ್ಮವರು ಜಂಬಿಟ್ಟಿಗೆ ಎಂದದ್ದರಲ್ಲೂ ಇಟ್ಟಿಗೆಯೇ ಇದೆ. ಪಂಡಿತರು ಲತೀನಿನಲ್ಲಿ ಹೇಳಿದ್ದನ್ನೇ ನಮ್ಮ ಜನ ತಮ್ಮ ಮಾತಿನಲ್ಲಿ ಹೇಳಿದ್ದರು.

ಇಟ್ಟಿಗೆ ಎನ್ನಲು ಕಾರಣವಿದೆ. ನೆಲದೊಳಗಿರುವಾಗ ಈ ಕಲ್ಲು ಮೆತ್ತಗಿರುತ್ತದೆ. ಉದ್ದ ಹಿಡಿಯ ಕೊಡಲಿಯಂಥ ಹತ್ಯಾರಿನಿಂದ ಕೆತ್ತಿ ಚೌಕಾಕಾರಕ್ಕೆ ತರಬಹುದು. ಹೊರಗೆ ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಇಟ್ಟಿಗೆಗೆ ಬೆಂಕಿ ಬೇಕು, ಇದಕ್ಕೆ ಕಾಲ ಸಾಕು. ಬಾವಿ ತೋಡಿದಾಗ ಬಂದ ಕಲ್ಲಿನಲ್ಲಿ ಮನೆಯ ಪಂಚಾಂಗವಾಗುತ್ತಿತ್ತು, ಉಳಿದದ್ದು ಪಾಗಾರಕ್ಕೆ. ಹಾಗಾಗಿ ಅನೇಕ ಹಳೆಯ ಮನೆಗಳಲ್ಲಿ ಬಾವಿಯೂ ಪಾಗಾರವೂ ಅಕ್ಕತಂಗಿಯರಂತೆ. ಒಂದು ನೆಲದೊಳಗೆ ಎಷ್ಟು ಇಳಿದಿದೆಯೋ ಇನ್ನೊಂದು ಅಷ್ಟು ಮೇಲೆ ನಿಂತಿದೆ.

ಪಾಗಾರ ಕಟ್ಟುವ ಕ್ರಮವೂ ಸರಳ. ಗಟ್ಟಿ ನೆಲ ಸಿಗುವವರೆಗೆ ಅಗೆದು, ಅಡಿಯ ಸಾಲುಗಳನ್ನು ಅಗಲವಾಗಿ ಇಟ್ಟು, ಮೇಲೆ ಹೋದಂತೆ ಗೋಡೆಯನ್ನು ಸಪುರ ಮಾಡುತ್ತಾರೆ. ಒಂದು ಸಾಲಿನ ಸಂದು ಮೇಲಿನ ಸಾಲಿನ ಕಲ್ಲಿನ ಕೆಳಗೆ ಅಡಗಬೇಕು. ಅನುಕೂಲವಂತರು ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಹಾಕಿಸುತ್ತಿದ್ದರು. ಉಳಿದವರು ಕೆಸರು ಮಣ್ಣಿನಲ್ಲೇ ಕಟ್ಟುತ್ತಿದ್ದರು. ಕಲ್ಲಿಗೂ ಗತಿಯಿಲ್ಲದವರದು ಬರೀ ಮಣ್ಣಿನ ಗೋಡೆ. ಮಳೆಗಾಲಕ್ಕೆ ಮೊದಲು ಅದರ ನೆತ್ತಿಗೆ ತೆಂಗಿನ ಮಡಲು ಹೊದಿಸಬೇಕಾಗಿತ್ತು. ಗೋಡೆಯ ಬುಡದಲ್ಲಿ ನೀರು ಹೋಗಲು ಅಲ್ಲಲ್ಲಿ ತೂತು ಬಿಡುವುದನ್ನು ಯಾವ ಮೇಸ್ತ್ರಿಯೂ ಮರೆಯುತ್ತಿರಲಿಲ್ಲ. ಮೇಲಿನವನ ಅಂಗಳದ ನೀರು ಕೆಳಗಿನವನ ಗದ್ದೆಗೆ ಇಳಿಯಲೇಬೇಕು. ನೀರನ್ನು ತಡೆದ ಗೋಡೆ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಗಡಿಯೂ ಕುಮ್ಕಿಯೂ

ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಬ್ಬನ ಗೋಡೆಯೇ ಇನ್ನೊಬ್ಬನ ಗೋಡೆ. ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಪ್ರತಿ ಮನೆಯೂ ತನ್ನ ಗದ್ದೆಯ ಪಕ್ಕ ಒಂಟಿಯಾಗಿ ನಿಂತಿರುತ್ತದೆ. ಕೆಳಗೆ ನೀರು ನಿಲ್ಲುವ ಬೈಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಮಜಲಿಗೂ ಗುಡ್ಡಕ್ಕೂ ನಡುವೆ ಮನೆ. ಕೊಯ್ಲಾದ ಮೇಲೆ ಊರಿನ ದನಗಳನ್ನು ಬಿಡುವ ಪದ್ಧತಿಯಿದ್ದುದರಿಂದ ತೆಂಗಿನ ಸಸಿ, ಬಸಳೆಯ ಚಪ್ಪರ ಉಳಿಯಬೇಕಾದರೆ ಪಾಗಾರ ಬೇಕೇ ಬೇಕು. ಅಂದರೆ ಪಾಗಾರ ಎದ್ದದ್ದು ಮುಖ್ಯವಾಗಿ ದನಗಳಿಗೆ, ಹಂದಿಗಳಿಗೆ ಅಡ್ಡವಾಗಿ. ನೆರೆಮನೆಯ ಮನುಷ್ಯನಿಗೆ ಅಡ್ಡವಾಗಿ ಅಲ್ಲ.

ನಮ್ಮ ಹಿರಿಯರಲ್ಲಿ ಬಹುಮಂದಿ 16ನೇ ಶತಮಾನದಿಂದ 18ನೇ ಶತಮಾನದವರೆಗೆ ಗೋವೆಯಿಂದ ಬೇರೆ ಬೇರೆ ಕಾಲದಲ್ಲಿ ಇಳಿದು ಬಂದವರು. ಯುದ್ಧ, ತೆರಿಗೆ, ಬರಗಾಲ, ಮತವಿಚಾರಣೆಯ ಭಯ, ಹೀಗೆ ಕಾರಣಗಳು ಹಲವು. ಕೆಳದಿಯ ನಾಯಕರು ಒಳ್ಳೆಯ ಬೇಸಾಯಗಾರರೆಂದು ಅವರಿಗೆ ನೆಲೆ ಕೊಟ್ಟರು. ಹೊರಗಿನಿಂದ ಬಂದವರಿಗೆ ಇಲ್ಲಿನವರು ಜಾಗ ಬಿಟ್ಟುಕೊಟ್ಟ ಮೇಲೆಯೇ ನಮಗೆ ಕಟ್ಟಲು ಗಡಿ ಎಂಬುದು ಸಿಕ್ಕಿತು. ಇದನ್ನು ನಾವು ಮರೆಯಬಾರದು.

1784ರ ಬೂದಿ ಬುಧವಾರದ ಹೊತ್ತಿಗೆ ನಮ್ಮವರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ ಕಥೆ ಪ್ರತಿ ಕುಟುಂಬಕ್ಕೂ ಗೊತ್ತು. ಸಾವಿರಾರು ಮಂದಿ ದಾರಿಯಲ್ಲೂ ಸೆರೆಯಲ್ಲೂ ತೀರಿಕೊಂಡರು. ಚರ್ಚುಗಳು ನೆಲಸಮವಾದವು. ಆಸ್ತಿ ಬೇರೆಯವರ ಕೈಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಉಳಿದವರು ಊರಿಗೆ ಮರಳಿದರು. ಅದೇ ವರ್ಷ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಈ ಜಿಲ್ಲೆಯಲ್ಲಿ ಭೂಮಿ ಖಾಸಗಿ ಸ್ವತ್ತೆಂಬ ಭಾವನೆ ಬಹಳ ಹಳೆಯದು, ಜನ ಅದನ್ನು ತುಂಬಾ ಪ್ರೀತಿಸುತ್ತಾರೆ ಎಂಬುದನ್ನು ಗುರುತಿಸಿದರು. 15 ವರ್ಷಗಳ ನಂತರ ಬರಿಗೈಯಲ್ಲಿ ಬಂದವರು ತಮ್ಮ ಹಳೆಯ ಅಂಗಳದ ಮುಂದೆ ನಿಂತ ಚಿತ್ರವನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳೋಣ. ಗೋಡೆ ಇದೆ, ಮನೆ ಇಲ್ಲ. ಅಥವಾ ಮನೆ ಇದೆ, ಒಳಗೆ ಬೇರೆಯವರಿದ್ದಾರೆ. ಗೋಡೆ ಯಾರನ್ನೂ ಶಾಶ್ವತವಾಗಿ ಕಾಯುವುದಿಲ್ಲ ಎಂಬ ಪಾಠವನ್ನು ನಮ್ಮ ಸಮುದಾಯ ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ಇನ್ನೊಂದು ಪದ ನಮ್ಮ ಜಮೀನಿನ ಕಾಗದಗಳಲ್ಲಿದೆ. ಅದು ಕುಮ್ಕಿ. ವರ್ಗ ಜಮೀನಿನ ಗಡಿಯಿಂದ ಆಚೆ 100 ಗಜದವರೆಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ತರಲು, ದನ ಮೇಯಿಸಲು ಬೇಸಾಯಗಾರನಿಗಿದ್ದ ಸೌಲಭ್ಯವೇ ಕುಮ್ಕಿ. ಈ ಪದದ ಮೂಲ ಅರ್ಥ ಸಹಾಯ. ಪಾಗಾರದ ಒಳಗಿನದು ನನ್ನದು, ಆಚೆಯದು ನನಗೆ ಸಹಾಯಕ್ಕೆ ಇರುವಂಥದ್ದು, ಆದರೆ ನನ್ನದಲ್ಲ. ಎಷ್ಟು ಒಳ್ಳೆಯ ವಿಚಾರ! ಯಾವ ಗದ್ದೆಯೂ ತನ್ನ ಗಡಿಯೊಳಗಿನ ಗೊಬ್ಬರದಿಂದ ಮಾತ್ರ ಬೆಳೆಯುವುದಿಲ್ಲ ಎಂಬುದನ್ನು ಕಂದಾಯದ ಲೆಕ್ಕವೇ ಒಪ್ಪಿಕೊಂಡಿತ್ತು.

ಕಂಬಗಳ ನಡುವಿನ ದಾರಿ

ಪಾಗಾರಕ್ಕೆ ಮುಖ ಕೊಡುವುದು ಗೇಟಿನ ಕಂಬಗಳು. ನಮ್ಮ ಪೂರ್ವಿಕರ ಗೋವೆಯಲ್ಲಿ ಹಳೆಯ ಮನೆಗಳ ಗೇಟಿನ ಕಂಬಗಳ ಮೇಲೆ ಸಿಂಹವನ್ನೋ ಸಿಪಾಯಿಯನ್ನೋ ಕೂರಿಸಿರುವುದನ್ನು ಇಂದಿಗೂ ಕಾಣಬಹುದು. ನಮ್ಮ ಹಳ್ಳಿಗಳಲ್ಲಿ ಅಷ್ಟು ಠೀವಿ ಇಲ್ಲ. ಕೆಂಪುಕಲ್ಲಿನ ಎರಡು ಚೌಕ ಕಂಬಗಳು, ಸುಣ್ಣದ ಗಿಲಾವು, ನೆತ್ತಿಯಲ್ಲಿ ಒಂದು ಗುಂಡು ಅಥವಾ ಕಳಶದಂಥ ಅಲಂಕಾರ. ಕೆಲವೆಡೆ ಸಣ್ಣ ಶಿಲುಬೆ. ಕೆಲವು ಕಂಬಗಳಲ್ಲಿ ದೀಪ ಇಡಲು ಗೂಡು. ಗೇಟಿನ ಪಕ್ಕದಲ್ಲಿ ಪಾಗಾರಕ್ಕೆ ತಾಗಿ ಒಂದು ಕಲ್ಲಿನ ಕಟ್ಟೆ ಇದ್ದರೆ ಅದು ತಲೆಹೊರೆಯವರಿಗೆ. ಮೀನು ಮಾರುವ ಹೆಂಗಸು, ಸೊಪ್ಪಿನ ಹೊರೆಯ ಆಳು ಬೇರೆಯವರ ನೆರವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿ, ಮತ್ತೆ ತಲೆಗೆ ಏರಿಸಿಕೊಳ್ಳುವಷ್ಟು ಎತ್ತರ ಅದಕ್ಕಿರುತ್ತದೆ. ಕಟ್ಟಿಸಿದವರಿಗೆ ಅದರಿಂದ ಯಾವ ಲಾಭವೂ ಇರಲಿಲ್ಲ.

ದೊಡ್ಡ ಗೇಟು ಗಾಡಿಗೆ, ನೆಂಟರಿಗೆ, ದಿಬ್ಬಣಕ್ಕೆ. ದಿನದ ಓಡಾಟಕ್ಕೆ ಇದ್ದದ್ದು ತಡಮೆ. ಪಾಗಾರದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಟ್ಟು ಅಡಿಯಲ್ಲಿ ಮೊಣಕಾಲೆತ್ತರದ ಕಲ್ಲು ನಿಲ್ಲಿಸಿದರೆ ಅದೊಂದು ತಡಮೆ. ಗೋಡೆಯ ಎರಡೂ ಬದಿಗೆ ಮೆಟ್ಟಿಲಿನಂತೆ ಕಲ್ಲು ಚಾಚಿಸಿದರೆ ಅದೂ ತಡಮೆ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನಕ್ಕೆ ದಾಟಲಾಗದು. ಘಟ್ಟದ ಮೇಲೆ ಮಲೆನಾಡಿನಲ್ಲಿ ಇದೇ ಕೆಲಸಕ್ಕೆ ಉಣುಗೋಲು ಇದೆ. ಎರಡು ಕಲ್ಲುಕಂಬಗಳಿಗೆ ಎದುರುಬದುರಾಗಿ ತೂತು ಕೊರೆದು, ಬಿದಿರಿನ ಗಳು ತೂರಿಸಿಡುತ್ತಾರೆ. ಬಂದವರು ಗಳುವನ್ನು ಸರಿಸಿ ಒಳಗೆ ಬಂದು ಮತ್ತೆ ಹಾಗೆಯೇ ಹಾಕಬೇಕು. ಅದಕ್ಕೆ ಬೀಗವಿಲ್ಲ. ಬಂದವನ ಮರ್ಯಾದೆಯೇ ಬೀಗ.

ತಡಮೆಯಿಂದ ತಡಮೆಗೆ ಒಂದು ಕಾಲುದಾರಿ. ಒಬ್ಬರ ತೋಟದ ಅಂಚು, ಇನ್ನೊಬ್ಬರ ಗದ್ದೆಯ ಹುಣಿ, ಮತ್ತೊಬ್ಬರ ಅಂಗಳದ ಬದಿ, ಹೀಗೆ ಹಾದು ಅದು ಚರ್ಚನ್ನೋ ಶಾಲೆಯನ್ನೋ ಅಂಗಡಿಯನ್ನೋ ಮುಟ್ಟುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಸೂಲಗಿತ್ತಿ ಬರುತ್ತಿದ್ದುದು ಅದೇ ದಾರಿಯಲ್ಲಿ. ಸಾವಾದರೆ ಸುದ್ದಿ ಓಡುತ್ತಿದ್ದುದು ಅದೇ ದಾರಿಯಲ್ಲಿ. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ.

ಹೊರಗೆ ನಿಂತವರು

ಹಳೆಯ ಕಾಲವೆಲ್ಲ ಚಿನ್ನವಾಗಿತ್ತು ಎಂದು ಬರೆದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಈ ಕಲ್ಲುಗಳನ್ನು ಕಡಿದವರು ಯಾರು? ತಲೆಯ ಮೇಲೆ ಹೊತ್ತು ತಂದ ಹೆಂಗಸರು ಯಾರು? ಕೆಸರು ತುಳಿದು ಹದಮಾಡಿದವರು ಯಾರು? ಅವರಲ್ಲಿ ಹೆಚ್ಚಿನವರಿಗೆ ತಮ್ಮದೆಂಬ ಪಾಗಾರವೂ ಇರಲಿಲ್ಲ, ಪಾಗಾರ ಕಟ್ಟಲು ನೆಲವೂ ಇರಲಿಲ್ಲ. ತಾವೇ ಕಟ್ಟಿದ ಗೇಟಿನ ಆಚೆ ನಿಂತು ಕೂಲಿಯ ಭತ್ತಕ್ಕೆ ಕೈಯೊಡ್ಡಿದವರುಂಟು. ಜಾತಿಯ ಲೆಕ್ಕಕ್ಕೆ ಅಂಗಳದೊಳಗೆ ಕಾಲಿಡಲಾಗದೆ ದೂರದಿಂದಲೇ ಕೂಗಿ ಕರೆದವರುಂಟು. ಕ್ರೈಸ್ತರ ಮನೆಗಳು ಇದಕ್ಕೆ ಹೊರತಾಗಿದ್ದವು ಎಂದು ಎದೆ ಮುಟ್ಟಿಕೊಂಡು ಹೇಳಲು ನಮ್ಮಿಂದಾಗದು.

ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಲಾಜರನು ಬಿದ್ದುಕೊಂಡಿದ್ದು ಎಲ್ಲಿ? ಶ್ರೀಮಂತನ ಹೆಬ್ಬಾಗಿಲಲ್ಲಿ. ಶ್ರೀಮಂತನು ಅವನನ್ನು ಹೊಡೆಯಲಿಲ್ಲ, ಓಡಿಸಲಿಲ್ಲ. ಪ್ರತಿದಿನ ಅದೇ ಬಾಗಿಲಿನಿಂದ ಹೋಗುತ್ತಾ ಬರುತ್ತಾ ನೋಡದೇ ಇದ್ದ, ಅಷ್ಟೇ. ಅದಕ್ಕಾಗಿ ಸತ್ತ ಮೇಲೆ ಇಬ್ಬರ ನಡುವೆ ದಾಟಲಾಗದ ಕಂದರ ಬಂತು. ಬದುಕಿದ್ದಾಗ ತೆರೆಯದ ಬಾಗಿಲು ಅಲ್ಲಿ ಕಂದರವಾಯಿತು.

ಮುರಿದುಬಿದ್ದ ಗೋಡೆ

ಪವಿತ್ರ ಬೈಬಲ್ ಗೋಡೆಯನ್ನು ಅಲ್ಲಗಳೆಯುವುದಿಲ್ಲ. ಯೆಶಾಯ ಪ್ರವಾದಿಯ 5ನೇ ಅಧ್ಯಾಯದಲ್ಲಿ ದೇವರು ತಮ್ಮ ದ್ರಾಕ್ಷಿತೋಟದ ಕಲ್ಲುಗಳನ್ನು ಆಯ್ದು ಹಾಕಿ, ಬೇಲಿ ಗೋಡೆಗಳಿಂದ ಅದನ್ನು ಕಾಯುವ ಪ್ರೀತಿಯ ತೋಟಗಾರ. ಪಲೆಸ್ತೀನಿನ ಗುಡ್ಡಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಅಂಥ ಗೋಡೆಗಳು ಇಂದಿಗೂ ಇವೆ. ಬೆತ್ಲೆಹೇಮಿನ ಹತ್ತಿರದ ಬತ್ತೀರ್ ಎಂಬ ಹಳ್ಳಿಯ ಕಲ್ಲುಕಟ್ಟೆಯ ತೋಟಗಳನ್ನು ಯುನೆಸ್ಕೋ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಯುರೋಪಿನ ಎಂಟು ದೇಶಗಳಲ್ಲಿ ಉಳಿದುಬಂದಿರುವ ಗಾರೆಯಿಲ್ಲದ ಕಲ್ಲುಗೋಡೆಯ ಕಸುಬನ್ನೂ ಮಾನವಕುಲದ ಪರಂಪರೆಯೆಂದು ಮಾನ್ಯಮಾಡಿತು. ಜ್ಞಾನೋಕ್ತಿಗಳ ಗ್ರಂಥವು ಪೂರ್ವಿಕರು ನೆಟ್ಟ ಗಡಿಕಲ್ಲನ್ನು ಸರಿಸಬಾರದೆಂದು ಎಚ್ಚರಿಸುತ್ತದೆ. ಅನಾಥರ ಹೊಲವನ್ನು ಒತ್ತುವರಿ ಮಾಡಬಾರದೆಂದೂ ಹೇಳುತ್ತದೆ. ಬಡವನಿಗೆ ಗಡಿಯೇ ರಕ್ಷಣೆ.

ಆದರೆ ಬೈಬಲಿನಲ್ಲಿ ಇನ್ನೊಂದು ಗೋಡೆಯಿದೆ. ಹೆರೋದನು ವಿಸ್ತರಿಸಿ ಕಟ್ಟಿಸಿದ ಜೆರುಸಲೇಮ್ ದೇವಾಲಯದಲ್ಲಿ ಅನ್ಯಜನರು ಬರಬಹುದಾದ ಹೊರ ಅಂಗಳಕ್ಕೂ ಒಳ ಅಂಗಳಕ್ಕೂ ನಡುವೆ ಒಂದು ಕಲ್ಲಿನ ತಡೆ ಇತ್ತು. ಇದನ್ನು ದಾಟಿದ ಪರಕೀಯನ ಸಾವಿಗೆ ಅವನೇ ಹೊಣೆ ಎಂಬ ಅರ್ಥದ ಗ್ರೀಕ್ ಬರಹ ಅದರ ಮೇಲಿತ್ತು. ಇದು ಬರೀ ಹೇಳಿಕೆಯಲ್ಲ. 1871ರಲ್ಲಿ ಕ್ಲೆರ್ಮೊಂ-ಗಾನೋ ಎಂಬ ಫ್ರೆಂಚ್ ವಿದ್ವಾಂಸರಿಗೆ ಆ ಬರಹದ ಕಲ್ಲೇ ಜೆರುಸಲೇಮಿನಲ್ಲಿ ಸಿಕ್ಕಿತು. ಈಗ ಅದು ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರೇಷಿತರ ಕಾರ್ಯಕಲಾಪಗಳ 21ನೇ ಅಧ್ಯಾಯದಲ್ಲಿ ಸಂತ ಪೌಲರನ್ನು ಜನ ಹಿಡಿದು ಹೊಡೆದದ್ದು ಇದೇ ತಡೆಯ ವಿಷಯಕ್ಕೆ. ಎಫೆಸ ಊರಿನ ತ್ರೊಫಿಮ ಎಂಬ ಅನ್ಯಜನಾಂಗದವನನ್ನು ಅವರು ಒಳಗೆ ಕರೆತಂದರೆಂದು ಆರೋಪ. ಅದೇ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ಎರಡು ಜನಾಂಗಗಳ ನಡುವಿನ ಅಡ್ಡಗೋಡೆಯನ್ನು ಕ್ರಿಸ್ತರು ತಮ್ಮ ದೇಹದ ಮೂಲಕ ಕೆಡವಿದರು ಎಂಬ ಬೋಧನೆ ಬರುತ್ತದೆ. ಕಾಯುವ ಗೋಡೆ ಬೇರೆ, ಹಗೆಯ ಗೋಡೆ ಬೇರೆ. ಎರಡನ್ನೂ ಕಲ್ಲಿನಿಂದಲೇ ಕಟ್ಟುತ್ತಾರೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಅದರಲ್ಲಿ ಬಾಗಿಲು ಇದೆಯೇ, ಆ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದರಿಂದ.

ಯೇಸುಸ್ವಾಮಿ ತಮ್ಮನ್ನು ಕುರಿಹಟ್ಟಿಯ ಬಾಗಿಲು ಎಂದು ಕರೆದುಕೊಂಡರು. ಗೋಡೆ ಎಂದು ಕರೆದುಕೊಳ್ಳಲಿಲ್ಲ. ನಾವು ಜಪಮಾಲೆಯ ಕೊನೆಯಲ್ಲಿ ಹೇಳುವ ಲೊರೆತ್ತೊ ಪ್ರಾರ್ಥನಾ ಮಾಲಿಕೆಯಲ್ಲಿ ಮಾತೆ ಮರಿಯಮ್ಮನವರಿಗಿರುವ ಒಂದು ಹೆಸರೂ ಸ್ವರ್ಗದ ದ್ವಾರ ಎಂದೇ.

ನಾವು ಮುಚ್ಚಿದ ತಡಮೆ

ಕಳೆದ 50 ವರ್ಷಗಳಲ್ಲಿ ನಮ್ಮ ಗಡಿಗಳು ಬಹಳ ಬದಲಾದವು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಅದು ನ್ಯಾಯದ ಕೆಲಸ. ತಲೆಮಾರುಗಳಿಂದ ಪಾಗಾರದ ಹೊರಗಿದ್ದವರಲ್ಲಿ ಅನೇಕರಿಗೆ ಮೊದಲ ಬಾರಿ ಪಾಗಾರ ಕಟ್ಟುವ ಹಕ್ಕು ಬಂತು. ಮುಂದೆ ಮಕ್ಕಳು ಮುಂಬಯಿಗೆ, ಗಲ್ಫಿಗೆ ಹೋದರು. ಆಸ್ತಿ ಪಾಲಾಯಿತು. ಭೂಮಿಯ ಬೆಲೆ ಸೆಂಟ್ಸಿನ ಲೆಕ್ಕದಲ್ಲಿ ಏರಿತು. ಹಳೆಯ ಪಾಗಾರದ ಜಾಗದಲ್ಲಿ ಸಿಮೆಂಟಿನ ಗೋಡೆ, ಕಲ್ಲುಕಂಬದ ಜಾಗದಲ್ಲಿ ಗ್ರಾನೈಟು ಹೊದಿಸಿದ ಕಂಬ, ಒಳಗೆ ಕಾಣದಂತೆ ತಗಡಿನ ಗೇಟು. ಕೆಂಪುಕಲ್ಲನ್ನು ಈಗ ಯಂತ್ರ ಕೊಯ್ಯುತ್ತದೆ. ಕೈಬಿಟ್ಟ ಕೋರೆಗಳಲ್ಲಿ ಮಳೆನೀರು ತುಂಬಿ ಮಕ್ಕಳ ಜೀವ ಹೋದದ್ದೂ ಉಂಟು.

ಪಾಸ್ಖದ ನಂತರ ಮನೆಗಳನ್ನು ಆಶೀರ್ವದಿಸಲು ಹೋಗುವಾಗ ನಮಗೊಂದು ನೋವಿನ ಅನುಭವ ಆಗುತ್ತದೆ. ಅಣ್ಣನ ಮನೆ, ಪಕ್ಕದಲ್ಲೇ ತಮ್ಮನ ಮನೆ. ಎರಡು ಅಂಗಳಗಳ ನಡುವೆ ಆಳೆತ್ತರದ ಗೋಡೆ. ಅಣ್ಣನ ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ತೀರ್ಥದ ಪಾತ್ರೆ ಹಿಡಿದು ರಸ್ತೆಗೆ ಇಳಿದು, ಸುತ್ತಿ ತಮ್ಮನ ಗೇಟಿಗೆ ಹೋಗಬೇಕು. ಒಬ್ಬರ ಮನೆಯ ಪ್ರಾರ್ಥನೆ ಇನ್ನೊಬ್ಬರಿಗೆ ಕೇಳಿಸುತ್ತಿರುತ್ತದೆ. ಆದರೆ "ಆಮೆನ್" ಎನ್ನಲು ಯಾರೂ ಗೋಡೆಯ ಹತ್ತಿರ ಬರುವುದಿಲ್ಲ. ಗಡಿ ಅಳೆಯಲು ಎರಡು ಸಲ ಸರ್ವೆಯವರು ಬಂದಿರುತ್ತಾರೆ. ವಕೀಲರ ಫೀಸು ಆ ಜಾಗದ ಬೆಲೆಯನ್ನು ಮೀರಿರುತ್ತದೆ. ತಾಯಿ ಮಾತ್ರ ಒಬ್ಬರೇ. ಯಾವ ಬದಿಯಲ್ಲಿ ಕೂರಬೇಕೆಂದು ತಿಳಿಯದೆ ಕೂತಿರುತ್ತಾರೆ.

ಹೀಗೆ ಇತರರಿಗೆ ಬೋಧಿಸುವ ಮೊದಲು ನಮ್ಮದೇ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಚರ್ಚಿನ ಹಿಂದಿನ ಹಳೆಯ ಪಾಗಾರ ಜುಲೈ ತಿಂಗಳ ಮಳೆಗೆ ಜರಿದುಬಿತ್ತು. ದಾನಿಗಳಿಂದ ಹಣ ಕೂಡಿಸಿ ಸಿಮೆಂಟಿನ ಎತ್ತರದ ಗೋಡೆ ಕಟ್ಟಿಸಲು ಹೊರಟೆವು. ಕೆಲಸ ನಡೆಯುತ್ತಿರುವಾಗ ಮೇಸ್ತ್ರಿ ಬಂದು, "ಫಾದರ್, ಇಲ್ಲಿ ಮುಂಚೆ ತಡಮೆ ಇತ್ತು. ಬಿಡುವುದಾ?" ಎಂದು ಕೇಳಿದರು. "ಬೇಡ, ನಾಯಿಗಳು ಬರುತ್ತವೆ. ನೇರ ಕಟ್ಟಿಬಿಡಿ" ಎಂದೆವು. ಒಂದು ನಿಮಿಷವೂ ಯೋಚಿಸಲಿಲ್ಲ.

ಆ ವರ್ಷದ ನೊವೇನದಲ್ಲಿ ಮಕ್ಕಳ ಬುಟ್ಟಿಗಳಲ್ಲಿ ಹೂ ಅರ್ಧವೂ ಇರಲಿಲ್ಲ. ಅಂಗಡಿಯ ಸೇವಂತಿಗೆ ಬಂದಿತ್ತು. ಮಕ್ಕಳನ್ನು ಕೇಳಿದರೆ, "ಅಜ್ಜಿಯ ಮನೆಗೆ ಹೋಗಲು ದಾರಿಯಿಲ್ಲ ಫಾದರ್" ಎಂದರು. ಗೋಡೆಯ ಆಚೆ ಒಬ್ಬ ವೃದ್ಧೆಯ ಮನೆ. ಅವರು ಕ್ರೈಸ್ತರಲ್ಲ. ಆದರೂ ಎಷ್ಟೋ ವರ್ಷಗಳಿಂದ ಸಂಜೆ ತಡಮೆ ದಾಟಿ ಬಂದು ಲೂರ್ದು ಮಾತೆಯ ಗವಿಯ ಮುಂದೆ ಒಂದು ಹೂವಿಟ್ಟು ಹೋಗುತ್ತಿದ್ದರು. ನಾವು ಅವರನ್ನು ಎಷ್ಟೋ ಸಲ ಕಂಡಿದ್ದೆವು. ಅವರು ಬರುವುದು ನಿಂತಿದೆ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ. ಲಾಜರನ ಸಾಮತಿಯ ಮೇಲೆ ನಾವು ಎಷ್ಟೋ ಪ್ರಬೋಧನೆ ಮಾಡಿದ್ದೇವೆ!

ಮುಖ್ಯರಸ್ತೆಯಿಂದ ಸುತ್ತಿಕೊಂಡು ಅವರ ಮನೆಗೆ ಹೋದೆವು. ನಮಗೇ 20 ನಿಮಿಷ ಹಿಡಿಯಿತು. ಅವರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ದೂರು ಹೇಳಲಿಲ್ಲ. ನಾವೇ ಮಾತು ತೆಗೆದಾಗ, "ಗೋಡೆ ಕಟ್ಟಿದ್ದು ತಪ್ಪಲ್ಲ ಸ್ವಾಮಿ. ನಿಮ್ಮ ಜಾಗ, ನಿಮ್ಮ ಗೋಡೆ. ಆದರೆ ದಾರಿ ನಿಮ್ಮದೊಬ್ಬರದೇ ಆಗಿರಲಿಲ್ಲ" ಎಂದರು.

ನಾವು ಸೆಮಿನರಿಯಲ್ಲಿ ಎಷ್ಟೋ ವರ್ಷ ದೇವಶಾಸ್ತ್ರ ಓದಿದವರು. ಎಫೆಸದವರ ಪತ್ರಕ್ಕೆ ಇಷ್ಟು ಚಿಕ್ಕ ವ್ಯಾಖ್ಯಾನ ಎಲ್ಲೂ ಓದಿರಲಿಲ್ಲ.

ಪಾಲನಾ ಸಮಿತಿಯಲ್ಲಿ ವಿಷಯ ಇಟ್ಟೆವು. ಕಳ್ಳರ ಭಯ, ಹೊಸ ಗೋಡೆ ಒಡೆಯುವ ಖರ್ಚು, ಮುಂದೆ ದಾರಿಯ ಹಕ್ಕು ಕೇಳಿದರೆ ಏನು ಮಾಡುವುದು ಎಂಬ ಪ್ರಶ್ನೆ, ಎಲ್ಲವೂ ಬಂದವು. ಇವು ಅಲಕ್ಷಿಸುವ ಪ್ರಶ್ನೆಗಳಲ್ಲ. ಕೊನೆಗೆ ಒಬ್ಬ ಹಿರಿಯರು, "ಆ ತಡಮೆ ಇದ್ದಷ್ಟು ಕಾಲ ಏನು ಕಳವಾಗಿದೆ ಹೇಳಿ" ಎಂದು ಕೇಳಿದರು. ಯಾರಿಗೂ ಉತ್ತರ ತೋಚಲಿಲ್ಲ. ಜರಿದುಬಿದ್ದ ಪಾಗಾರದ ಹಳೆಯ ಕಲ್ಲುಗಳು ಇನ್ನೂ ಅಲ್ಲೇ ರಾಶಿ ಬಿದ್ದಿದ್ದವು. ಅವುಗಳಿಂದಲೇ ಗೋಡೆಯ ಎರಡೂ ಬದಿಗೆ ಮೆಟ್ಟಿಲು ಕಟ್ಟಿಸಿ, ನಾವೇ ಹೋಗಿ ಕರೆದೆವು. ಅವರು ಬಂದು, ಮೆಟ್ಟಿಲು ನೋಡಿ ನಕ್ಕರು. ಮಂಡಿನೋವಿನಿಂದ ಅವರಿಗೆ ಅದನ್ನು ಹತ್ತಲಾಗುತ್ತಿರಲಿಲ್ಲ. ನಾವು ಮತ್ತೊಮ್ಮೆ ಅವರನ್ನು ಕೇಳದೆಯೇ ಅವರಿಗಾಗಿ ಕಟ್ಟಿದ್ದೆವು. ಮೆಟ್ಟಿಲು ತೆಗೆಸಿ, ಗೋಡೆಯಲ್ಲೇ ಸಂದು ಬಿಡಿಸಿ, ದನ ನುಗ್ಗದಂತೆ ಅದರ ಮುಂದೆ ಅಡ್ಡವಾಗಿ ಒಂದು ತುಂಡು ಗೋಡೆ ಎಬ್ಬಿಸಿದೆವು. ಮನುಷ್ಯ ಒಮ್ಮೆ ತಿರುಗಿ ಒಳಗೆ ಬರಬಹುದು. ಮುಂದಿನ ವರ್ಷದ ನೊವೇನಕ್ಕೆ ದಾಸವಾಳ ಬಂತು.

ಹಬ್ಬದ ಊಟಕ್ಕೆ ಮೊದಲು

ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುತ್ತೇವೆ. ಹೊಸ ಭತ್ತದ ಕಾಳುಗಳನ್ನು ಸುಲಿದು, ಅರೆದು, ಹಾಲಿನಲ್ಲೋ ತೆಂಗಿನಹಾಲಿನಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಒಟ್ಟಾಗಿ ಕೂತು ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ದೂರದಲ್ಲಿರುವ ಮಕ್ಕಳಿಗೆ ತೆನೆಯ ಕಾಳನ್ನು ಅಂಚೆಯಲ್ಲಿ ಕಳುಹಿಸುವ ತಾಯಂದಿರಿದ್ದಾರೆ. ದುಬೈಗೆ ಕಾಳು ಹೋಗುತ್ತದೆ. ಗೋಡೆಯಾಚೆಯ ತಮ್ಮನ ಮನೆಗೆ ಹೋಗುವುದಿಲ್ಲ. ಇದು ಎಂಥ ಹಬ್ಬ?

ಆದ್ದರಿಂದ ಈ ಸಲ ಪ್ರತಿ ಕುಟುಂಬವೂ ಊಟಕ್ಕೆ ಕೂರುವ ಮೊದಲು ಒಮ್ಮೆ ತಮ್ಮ ಪಾಗಾರದ ಸುತ್ತ ನಡೆದು ಬರಲಿ ಎಂದು ಕೇಳಿಕೊಳ್ಳುತ್ತೇವೆ. ಹಳೆಯ ಕಲ್ಲಿನ ಗೋಡೆ, ಕಂಬ ಉಳಿದಿದ್ದರೆ ಅದನ್ನು ಕೆಡವುವ ಮೊದಲು ಎರಡು ಸಲ ಯೋಚಿಸಿ. ಜರಿದಲ್ಲಿ ಅದೇ ಕಲ್ಲಿನಿಂದ ಸರಿಪಡಿಸುವುದು ಸಾಧ್ಯ, ಮಾಡಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹೊಸ ಗೋಡೆ ಕಟ್ಟಲೇಬೇಕಾದರೆ ಕಟ್ಟಿ, ಆದರೆ ನೀರು ಹೋಗುವ ತೂತನ್ನೂ ಮನುಷ್ಯ ಹೋಗುವ ದಾರಿಯನ್ನೂ ಬಿಡಿ. ಎಲ್ಲಿ ಮುಂಚೆ ತಡಮೆ ಇತ್ತು, ಯಾವಾಗ ಮುಚ್ಚಿತು, ಯಾರ ಮೇಲಿನ ಕೋಪಕ್ಕೆ ಮುಚ್ಚಿತು ಎಂದು ಮಕ್ಕಳು ಕೇಳಿದರೆ ಸತ್ಯವನ್ನೇ ಹೇಳಿ. ಆಮೇಲೆ ತೆನೆಯ ನಾಲ್ಕು ಕಾಳು ಒಂದು ಎಲೆಯಲ್ಲಿ ಕಟ್ಟಿ, ಆ ಮಕ್ಕಳ ಕೈಯಲ್ಲೇ ಆಚೆ ಕಳುಹಿಸಿ. ದೊಡ್ಡವರು ದಾಟಲಾಗದ ಗೋಡೆಯನ್ನು ಮಕ್ಕಳು ಸುಲಭವಾಗಿ ದಾಟುತ್ತಾರೆ. ಹೂ ಕೊಯ್ಯುವಾಗ ಅವರು ಅದನ್ನೇ ಮಾಡುವುದು.

ಸ್ವರ್ಗದ ದ್ವಾರವಾದ ಮಾತೆ ಮರಿಯಮ್ಮನವರು ನಮ್ಮ ಮನೆಗಳ ಗೇಟುಗಳನ್ನೂ ಕಾಯಲಿ, ಅವುಗಳನ್ನು ತೆರೆಯುವ ಮನಸ್ಸನ್ನೂ ನಮಗೆ ತಮ್ಮ ಪುತ್ರನಿಂದ ಬೇಡಿಕೊಡಲಿ. ಎಲ್ಲ ಕುಟುಂಬಗಳಿಗೂ ತೆನೆ ಹಬ್ಬದ ಶುಭಾಶಯಗಳು. ಆಮೆನ್.